ಹೈ-ಲೋ: ‘ಜಾಸ್ತಿಯೋ ಕಮ್ಮಿಯೋ’ ಆಟದ ಒಳಲೆಕ್ಕ, ಹುಣಸೆ ಬೀಜ ಇಟ್ಟುಕೊಂಡು ಕಲಿಯುವ ಬಗೆ

ಪರದೆಯ ಮೇಲೆ ಒಂದು ಇಸ್ಪೀಟು ಎಲೆ ಬಿದ್ದಿದೆ. ಆಟೀನಿನ ಐದು. ಅದರ ಕೆಳಗೆ ಎರಡು ಬಟನ್. ಮುಂದೆ ಬರುವ ಎಲೆ ಐದಕ್ಕಿಂತ ಜಾಸ್ತಿಯೋ, ಕಮ್ಮಿಯೋ? ಸರಿಯಾಗಿ ಹೇಳಿದರೆ ಕಟ್ಟಿದ ಹಣ ಬೆಳೆಯುತ್ತದೆ. ತಪ್ಪಿದರೆ ಪೂರ್ತಿ ಹೋಗುತ್ತದೆ. ಹೈ-ಲೋ ಅಂದರೆ ಇಷ್ಟೇ.

ಆನ್‌ಲೈನ್ ಕ್ಯಾಸಿನೊಗಳಲ್ಲಿ ಇದಕ್ಕಿಂತ ಬೇಗ ಕಲಿಯಬಹುದಾದ ಆಟ ಸಿಗುವುದು ಕಷ್ಟ. ‘ಐದು ಬಂದಿದೆ, ಮುಂದಿನದು ದೊಡ್ಡದು ಬರೋದೇ ಜಾಸ್ತಿ ಅಲ್ವಾ’ ಅಂತ ಯಾರಿಗಾದರೂ ಹೊಳೆಯುತ್ತದೆ. ಹೊಳೆದದ್ದು ನಿಜವೂ ಹೌದು. ಆದರೆ ಅದು ಆಟ ನಡೆಸುವವರಿಗೂ ಗೊತ್ತು. ಗೆದ್ದಾಗ ಕೊಡುವ ದರದಲ್ಲಿ ಅವರು ಅದನ್ನು ಮೊದಲೇ ಹಿಡಿದುಕೊಂಡಿರುತ್ತಾರೆ, ಜೊತೆಗೆ ತಮ್ಮ ಪಾಲನ್ನೂ ಕಳೆದಿರುತ್ತಾರೆ. ಆ ಪಾಲು ಎಷ್ಟು ಅಂತ ನೀವೇ ಲೆಕ್ಕ ಹಾಕಿ ತಿಳಿಯಬಹುದು. ಆರನೇ ಕ್ಲಾಸಿನ ಗಣಿತ ಸಾಕು. ಅದನ್ನು ಹಂತ ಹಂತವಾಗಿ ನೋಡೋಣ.

ಮೊದಲು ಕಾನೂನಿನ ಮಾತು

ಭಾರತದಲ್ಲಿ ಇರುವವರು ಈ ಆಟಕ್ಕೆ ಆನ್‌ಲೈನ್‌ನಲ್ಲಿ ದುಡ್ಡು ಹಾಕಬಾರದು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುತ್ತದೆ. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದ ಅದರಲ್ಲಿ ಇಲ್ಲ. ಆಡಿಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡುವವರಿಗೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಇಂಥ ಆಟಗಳಿಗೆ ಹಣ ದಾಟಿಸದಂತೆ ಬ್ಯಾಂಕ್‌ಗಳಿಗೂ ನಿರ್ಬಂಧ ಇದೆ. ಆಡಿದವರಿಗೆ ಈ ಕಾಯ್ದೆಯಲ್ಲಿ ಶಿಕ್ಷೆ ಇಟ್ಟಿಲ್ಲ, ಅವರನ್ನು ಮೋಸಕ್ಕೆ ಒಳಗಾದವರು ಎಂದೇ ಸರ್ಕಾರ ನೋಡಿದೆ. ಕಾಯ್ದೆ ಬಂದ ಕೂಡಲೇ ಡ್ರೀಮ್11, ಎಂಪಿಎಲ್, ಜೂಪಿಯಂಥ ದೊಡ್ಡ ಕಂಪನಿಗಳೇ ಹಣದ ಆಟ ನಿಲ್ಲಿಸಿದವು.

‘ಹೈಕೋರ್ಟ್ ಬಿಟ್ಟಿದೆಯಲ್ಲ’ ಎಂದು ವಾದಿಸುವವರು ಈಗಲೂ ಸಿಗುತ್ತಾರೆ. ಅವರು ಹೇಳುವುದು ಹಳೆಯ ಸಂಗತಿ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದು ಮಾಡಿದ್ದು ನಿಜ. ಆದರೆ ಅಲ್ಲಿ ಚರ್ಚೆ ಇದ್ದದ್ದು ರಮ್ಮಿಯಂಥ ಕೌಶಲದ ಆಟಗಳ ಬಗ್ಗೆ. ಹೈ-ಲೋ ಶುದ್ಧ ಅದೃಷ್ಟದ ಆಟ. ಆ ತೀರ್ಪಿನ ನೆರಳು ಇದಕ್ಕೆ ಅಂದೂ ಇರಲಿಲ್ಲ.

‘ನಮಗೆ ಕ್ಯುರಸಾವ್ ಲೈಸೆನ್ಸ್ ಇದೆ’ ಎಂದು ಕೆಲವು ಸೈಟ್‌ಗಳು ಕೆಳಗಡೆ ಬರೆದುಕೊಂಡಿರುತ್ತವೆ. ಕ್ಯುರಸಾವ್ ಕೆರಿಬಿಯನ್ ಸಮುದ್ರದ ಒಂದು ದ್ವೀಪ. ಅಲ್ಲಿನ ಪರವಾನಗಿ ಹಾಸನದಲ್ಲೋ ಹುಬ್ಬಳ್ಳಿಯಲ್ಲೋ ಕೂತು ಆಡುವವರಿಗೆ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ.

ಹಾಗಾಗಿ ಇಲ್ಲಿ ನಾವು ಹುಣಸೆ ಬೀಜ ಇಟ್ಟುಕೊಂಡು ಆಡುತ್ತೇವೆ. ಚೌಕಾಬಾರಕ್ಕೆ, ಅಳಗುಳಿ ಮಣೆಗೆ ಬಳಸುವ ಅದೇ ಬೀಜ. ಕಲಿಯಬೇಕಾದ್ದೆಲ್ಲ ಇದರಲ್ಲೇ ಸಿಗುತ್ತದೆ.

ಆಟದ ನಿಯಮ

ಹೈ-ಲೋಗೆ ಹಲವು ರೂಪಗಳಿವೆ. ತುಂಬ ಕಡೆ ಕಾಣುವುದು ಹೀಗಿದೆ. ಎಕ್ಕ ಎಲ್ಲಕ್ಕಿಂತ ಚಿಕ್ಕದು, ಬೆಲೆ 1. ಆಮೇಲೆ 2ರಿಂದ 10. ಗುಲಾಮ 11, ರಾಣಿ 12, ರಾಜ 13. ಎಲೆಯ ಬಣ್ಣ, ಜಾತಿ ಲೆಕ್ಕಕ್ಕಿಲ್ಲ. ಪ್ರತಿ ಸಲವೂ 52 ಎಲೆಯ ಹೊಸ ಕಟ್ಟಿನಿಂದ ತೆಗೆದಂತೆ ಎಲೆ ಬರುತ್ತದೆ. ಅಂದರೆ ಈಗಷ್ಟೇ ಬಂದ ಎಲೆ ಮತ್ತೆ ಬರಬಹುದು.

ಬಟನ್‌ಗಳು ‘ಜಾಸ್ತಿ ಅಥವಾ ಅದೇ’ ಮತ್ತು ‘ಕಮ್ಮಿ ಅಥವಾ ಅದೇ’. ಎಕ್ಕಕ್ಕಿಂತ ಕಮ್ಮಿ ಇಲ್ಲ, ರಾಜನಿಗಿಂತ ಜಾಸ್ತಿ ಇಲ್ಲ. ಹಾಗಾಗಿ ಎಕ್ಕ ಬಂದಾಗ ‘ಜಾಸ್ತಿ’ ಮತ್ತು ‘ಅದೇ’, ರಾಜ ಬಂದಾಗ ‘ಕಮ್ಮಿ’ ಮತ್ತು ‘ಅದೇ’ ಎಂದು ಬಟನ್ ಬದಲಾಗುತ್ತದೆ. ಸರಿಯಾಗಿ ಊಹಿಸಿದ ಮೇಲೆ ಎರಡು ದಾರಿ: ಬಂದಷ್ಟು ಹಣ ತೆಗೆದುಕೊಂಡು ಎದ್ದೇಳುವುದು, ಇಲ್ಲವೇ ಅದನ್ನೆಲ್ಲ ಮತ್ತೆ ಮುಂದಿನ ಎಲೆಯ ಮೇಲೆ ಇಡುವುದು. ಎಲೆ ಇಷ್ಟವಾಗದಿದ್ದರೆ ಊಹಿಸದೆ ದಾಟಿಸುವ ‘ಸ್ಕಿಪ್’ ಬಟನ್ ಕೂಡ ಎಷ್ಟೋ ಕಡೆ ಇರುತ್ತದೆ.

ಯಾವುದೇ ರೂಪ ಆಡುವ ಮೊದಲು ಒಂದನ್ನು ಹುಡುಕಿ ಓದಿ: ಅದೇ ಬೆಲೆಯ ಎಲೆ ಬಂದರೆ ಏನಾಗುತ್ತದೆ? ಆಟದ ಬಹುಪಾಲು ಲೆಕ್ಕ ಇದರಲ್ಲೇ ಅಡಗಿದೆ. ಬಂದ ಎಲೆಯನ್ನು ವಾಪಸ್ ಸೇರಿಸದ ರೂಪದಲ್ಲಿ ಒಂದೇ ಕಟ್ಟಿನಿಂದ 7 ಬಂದಿದೆ ಅಂದುಕೊಳ್ಳಿ. ಉಳಿದ 51 ಎಲೆಗಳಲ್ಲಿ 7ಕ್ಕಿಂತ ದೊಡ್ಡವು 24, ಚಿಕ್ಕವು 24, ಇನ್ನೂ ಮೂರು 7. ಗೆದ್ದರೆ ಒಂದಕ್ಕೆ ಎರಡು ಕೊಡುತ್ತಾರೆ, ಅದೇ ಬಂದರೆ ಹಣ ವಾಪಸ್ ಅಂದರೆ ಆಟ ಸಮಸಮ. ಅದೇ ಬಂದರೆ ಸೋತಂತೆ ಎಂದು ನಿಯಮ ಇದ್ದರೆ, ಆ ಮೂರು 7 ಆಟ ನಡೆಸುವವರ ಜೇಬಿಗೆ. 51ರಲ್ಲಿ 3 ಅಂದರೆ ನೂರಕ್ಕೆ ಸುಮಾರು 5.9. ನಿಯಮದಲ್ಲಿ ಒಂದು ಸಾಲು ಬದಲಾದರೆ ಇಷ್ಟು ವ್ಯತ್ಯಾಸ.

ಸಾಧ್ಯತೆ ಮತ್ತು ದರ

ಈಗ ಒಂದು ಹಾಳೆ, ಪೆನ್ಸಿಲ್ ತೆಗೆದುಕೊಳ್ಳಿ. ಒಟ್ಟು 13 ಬೆಲೆಗಳಿವೆ. ‘ಜಾಸ್ತಿ ಅಥವಾ ಅದೇ’ ಗೆಲ್ಲಬೇಕಾದರೆ ಎಷ್ಟು ಬೆಲೆಗಳು ನಿಮ್ಮ ಕಡೆ ಇವೆ ಎಂದು ಎಣಿಸಿ. 5 ಬಂದಿದ್ದರೆ 5ರಿಂದ 13ರವರೆಗೆ ಒಂಬತ್ತು. ಗೆಲ್ಲುವ ಸಾಧ್ಯತೆ 13ರಲ್ಲಿ 9.

ನ್ಯಾಯವಾದ ದರ ಬೇಕೆಂದರೆ ಇದನ್ನೇ ತಿರುಗಿಸಿ ಭಾಗಿಸಿ. 13 ಭಾಗಿಸು 9, ಅಂದರೆ 1.444. ಒಂದು ರೂಪಾಯಿ ಕಟ್ಟಿದವನು ಗೆದ್ದಾಗ ಸುಮಾರು 1 ರೂಪಾಯಿ 44 ಪೈಸೆ ಬಂದರೆ ಯಾರಿಗೂ ಲಾಭವಿಲ್ಲ, ನಷ್ಟವಿಲ್ಲ. ತನ್ನ ಪಾಲೆಂದು ನೂರಕ್ಕೆ ಒಂದು ಕಡಿತ ಹಾಕುವ ಸೈಟ್ ಇದನ್ನು 0.99ರಿಂದ ಗುಣಿಸಿ 1.43 ಕೊಡುತ್ತದೆ. ಸುಲಭದ ಕಡೆಯನ್ನೇ ಆರಿಸಿದರೆ ಪೂರ್ತಿ ಪಟ್ಟಿ ಹೀಗಿರುತ್ತದೆ:

ಎಕ್ಕ, 2, ರಾಣಿ, ರಾಜ: 13ರಲ್ಲಿ 12, ದರ 1.07
3, ಗುಲಾಮ: 13ರಲ್ಲಿ 11, ದರ 1.17
4, 10: 13ರಲ್ಲಿ 10, ದರ 1.29
5, 9: 13ರಲ್ಲಿ 9, ದರ 1.43
6, 8: 13ರಲ್ಲಿ 8, ದರ 1.61
7: 13ರಲ್ಲಿ 7, ದರ 1.84

ಕಷ್ಟದ ಕಡೆ ಹೋದರೆ ದರ ದೊಡ್ಡದು. 2 ಬಂದಾಗ ‘ಕಮ್ಮಿ ಅಥವಾ ಅದೇ’ ಎಂದು ಹೇಳಿ ಗೆದ್ದರೆ 6.4 ಪಟ್ಟು. ಎಕ್ಕದ ಮೇಲೆ ಎಕ್ಕವೇ ಬರುತ್ತದೆ ಎಂದು ಹೇಳಿ ಗೆದ್ದರೆ 12.87 ಪಟ್ಟು. ಇಲ್ಲಿ ಒಂದು ವಿಷಯ ಗಮನಿಸಿ. ಸುಲಭದ ಕಡೆಯಾಗಲಿ, ಕಷ್ಟದ ಕಡೆಯಾಗಲಿ, ಕಡಿತ ಒಂದೇ. ಯಾವ ಬಟನ್ ಒತ್ತಿದರೂ ಕಟ್ಟಿದ ನೂರು ರೂಪಾಯಿಗೆ ಸರಾಸರಿ 99 ಮಾತ್ರ ವಾಪಸ್. ಅಂದರೆ ಈ ಆಟದಲ್ಲಿ ‘ಚೆನ್ನಾಗಿ ಆಡುವುದು’ ಅನ್ನೋದೇ ಇಲ್ಲ. ನೀವು ಆರಿಸಿಕೊಳ್ಳುವುದು ನಿಧಾನವಾಗಿ ಸೋಲಬೇಕೋ, ದೊಡ್ಡ ಏರಿಳಿತದಲ್ಲಿ ಸೋಲಬೇಕೋ ಎಂಬುದನ್ನು ಮಾತ್ರ. ಈ ಮಾತನ್ನು ಯಾವ ‘ಟಿಪ್ಸ್’ ವಿಡಿಯೋವೂ ಹೇಳುವುದಿಲ್ಲ, ಅದಕ್ಕೇ ಇಲ್ಲಿ ಒತ್ತಿ ಹೇಳುತ್ತಿದ್ದೇನೆ.

ಹುಣಸೆ ಬೀಜದ ಆಟ

ಒಂದು ಕಟ್ಟು ಎಲೆ, ನಾಲ್ಕೈದು ಹಿಡಿ ಹುಣಸೆ ಬೀಜ, ಇಬ್ಬರು ಮಂದಿ. ಒಬ್ಬರು ಬ್ಯಾಂಕ್, ಒಬ್ಬರು ಆಟಗಾರ. ಆಟಗಾರನಿಗೆ 200 ಬೀಜ ಕೊಡಿ. ಉಳಿದದ್ದು ಬ್ಯಾಂಕಿನದು. ಪ್ರತಿ ಆಟಕ್ಕೂ 20 ಬೀಜ ಕಟ್ಟಬೇಕು. ಒಂದೊಂದು ಎಲೆ ತೆಗೆದಾಗಲೂ ಅದನ್ನು ವಾಪಸ್ ಸೇರಿಸಿ ಚೆನ್ನಾಗಿ ಕಲೆಸಬೇಕು. ಇದನ್ನು ಬಿಟ್ಟರೆ ಲೆಕ್ಕ ಕೆಡುತ್ತದೆ.

ಬೀಜ ಒಡೆಯಲು ಬರುವುದಿಲ್ಲವಲ್ಲ, ಹಾಗಾಗಿ ಚಿಲ್ಲರೆ ಬ್ಯಾಂಕಿಗೆ ಬಿಡಿ. 20 ಕಟ್ಟಿ ಗೆದ್ದರೆ ಕೈಗೆ ಬರುವುದು: ಎಕ್ಕ, 2, ರಾಣಿ, ರಾಜನಿಗೆ 21. 3 ಮತ್ತು ಗುಲಾಮನಿಗೆ 23. 4 ಮತ್ತು 10ಕ್ಕೆ 25. 5 ಮತ್ತು 9ಕ್ಕೆ 28. 6 ಮತ್ತು 8ಕ್ಕೆ 32. 7ಕ್ಕೆ 36. ಚಿಲ್ಲರೆ ಬಿಟ್ಟದ್ದರಿಂದ ಕಡಿತ ನೂರಕ್ಕೆ ಒಂದರ ಬದಲು ಸುಮಾರು ಮೂರಾಯಿತು.

ಒಂದು ಸುತ್ತು ಹೀಗೆ ನಡೆಯಬಹುದು. ಮೊದಲ ಎಲೆ ಕಳಾವರ್ ನಾಲ್ಕು. ‘ಜಾಸ್ತಿ’ ಅಂದಿರಿ. ರಾಣಿ ಬಂತು. 20 ಇದ್ದದ್ದು 25 ಆಯಿತು. ಎದ್ದೇಳಬಹುದಿತ್ತು, ಆದರೆ ರಾಣಿಗಿಂತ ಕಮ್ಮಿ ಬರುವುದು ಹೆಚ್ಚುಕಮ್ಮಿ ಖಾತ್ರಿ. ‘ಕಮ್ಮಿ’ ಅಂದಿರಿ. ಡೈಮನ್ ಒಂಬತ್ತು. 26 ಆಯಿತು. ಒಂದೇ ಒಂದು ಬೀಜಕ್ಕಾಗಿ 25 ಬೀಜಗಳನ್ನು ಒಡ್ಡಿದಿರಿ, ಸದ್ಯ ಉಳಿದವು. ಈಗ ಒಂಬತ್ತಕ್ಕೆ ದರ 1.43, ಗೆದ್ದರೆ 37. ‘ಕಮ್ಮಿ’ ಅಂದಿರಿ. ಗುಲಾಮ ಬಂದ. ಅಷ್ಟೂ ಬೀಜ ಬ್ಯಾಂಕಿಗೆ.

ಮೂರು ಸಲವೂ ನೀವು ಸುಲಭದ ಕಡೆಯನ್ನೇ ಆರಿಸಿದ್ದಿರಿ. ಎಲ್ಲೂ ತಪ್ಪು ಹೆಜ್ಜೆ ಇಲ್ಲ. ಆದರೂ ಮೂರನ್ನೂ ಸಾಲಾಗಿ ಗೆಲ್ಲುವ ಸಾಧ್ಯತೆ ಎಷ್ಟಿತ್ತು ನೋಡಿ: 13ರಲ್ಲಿ 10, ಗುಣಿಸು 13ರಲ್ಲಿ 12, ಗುಣಿಸು 13ರಲ್ಲಿ 9. ಉತ್ತರ ನೂರಕ್ಕೆ 49. ನಾಣ್ಯ ಚಿಮ್ಮಿದ್ದಕ್ಕಿಂತ ಒಂದು ಕೈ ಕಮ್ಮಿ. ನ್ಯಾಯವಾದ ದರ ಇದ್ದಿದ್ದರೆ ಗೆದ್ದವರಿಗೆ 40 ಬೀಜಕ್ಕಿಂತ ಸ್ವಲ್ಪ ಜಾಸ್ತಿ ಸಿಗಬೇಕಿತ್ತು. ಬ್ಯಾಂಕ್ ಕೊಡಲು ಸಿದ್ಧವಿದ್ದದ್ದು 37.

ಇದನ್ನೇ ಉದ್ದ ಮಾಡಿ. ಎಕ್ಕ, 2, ರಾಣಿ, ರಾಜ ಬಂದಾಗ ಮಾತ್ರ ಊಹಿಸುತ್ತೇನೆ, ಉಳಿದದ್ದೆಲ್ಲ ಸ್ಕಿಪ್ ಎನ್ನುವ ಜಾಣರಿದ್ದಾರೆ. ಪ್ರತಿ ಸಲವೂ ಗೆಲ್ಲುವ ಸಾಧ್ಯತೆ ನೂರಕ್ಕೆ 92 ಅಲ್ವಾ. ಹತ್ತು ಸಲ ಸಾಲಾಗಿ ಗೆಲ್ಲುವ ಸಾಧ್ಯತೆ? ನೂರಕ್ಕೆ 45. ಬಹಳ ಜನರಿಗೆ ಇದನ್ನು ನಂಬುವುದೇ ಕಷ್ಟ. ಕ್ಯಾಲ್ಕುಲೇಟರ್‌ನಲ್ಲಿ 12 ಭಾಗಿಸು 13 ಹಾಕಿ, ಅದನ್ನು ಹತ್ತು ಸಲ ಗುಣಿಸಿ ನೋಡಿ. ಆ ಹತ್ತೂ ಗೆದ್ದರೆ, ಪ್ರತಿ ಊಹೆಗೂ ನೂರಕ್ಕೆ ಒಂದು ಕಡಿದರೆ, ಸಿಗುವುದು ಎರಡು ಪಟ್ಟು. ನ್ಯಾಯವಾಗಿ ಸಿಗಬೇಕಿದ್ದದ್ದು 2.2 ಪಟ್ಟು. ಹತ್ತು ಹೆಜ್ಜೆಯಲ್ಲಿ ಕಡಿತ ಒಂದರಿಂದ ಒಂಬತ್ತೂವರೆಗೆ ಬೆಳೆಯಿತು.

ಇಂಥ ಕಡಿತ ಪ್ರತಿ ಊಹೆಗೋ, ಇಡೀ ಸುತ್ತಿಗೆ ಒಂದೇ ಸಲವೋ ಎಂದು ಕಂಡುಹಿಡಿಯಲು ಸುಲಭದ ದಾರಿ ಇದೆ. 13ರಲ್ಲಿ 12 ಇರುವ ಎರಡು ಊಹೆ ಸಾಲಾಗಿ ಗೆದ್ದಾಗ ತೋರಿಸುವ ಒಟ್ಟು ದರ ನೋಡಿ. 1.16 ಇದ್ದರೆ ಕಡಿತ ಒಂದೇ ಸಲ. 1.15 ಇದ್ದರೆ ಪ್ರತಿ ಸಲ. 1.14 ಅಥವಾ ಅದಕ್ಕೂ ಕಮ್ಮಿ ಇದ್ದರೆ ಕಡಿತ ನೂರಕ್ಕೆ ಒಂದಕ್ಕಿಂತ ಜಾಸ್ತಿಯೇ ಇದೆ.

ಬೀಜದ ಆಟದಲ್ಲಿ ಒಂದೊಂದೇ ಊಹೆ ಮಾಡಿ ನೂರು ಆಟ ಆಡಿ ಬರೆದಿಟ್ಟುಕೊಳ್ಳಿ. ಬೀಜ ಮುಗಿದರೆ ಸಾಲ ಎಂದು ಬರೆದುಕೊಂಡು ಮುಂದುವರಿಸಿ. ಸರಾಸರಿ 58 ಬೀಜ ಕಳೆದುಕೊಳ್ಳಬೇಕು. ಆದರೆ ನಿಮ್ಮ ಮನೆಯಲ್ಲಿ ಆಟಗಾರನೇ ಗೆದ್ದರೂ ಆಶ್ಚರ್ಯ ಬೇಡ. ನೂರು ಆಟದ ಕೊನೆಗೆ ಆಟಗಾರ ಲಾಭದಲ್ಲಿರುವ ಸಾಧ್ಯತೆ ಸುಮಾರು ನೂರಕ್ಕೆ 30 ಇದೆ. ಸಾವಿರ ಆಟದ ಕೊನೆಗೆ ಅದು ನೂರಕ್ಕೆ 5ಕ್ಕೆ ಇಳಿಯುತ್ತದೆ. ಹತ್ತು ಸಾವಿರ ಆಟಕ್ಕೆ ಹೆಚ್ಚುಕಮ್ಮಿ ಸೊನ್ನೆ. ಜನ ಮೋಸಹೋಗುವುದು ಇಲ್ಲೇ. ಮೊದಲ ಸಂಜೆ ಗೆದ್ದವರು ಮೂವರಲ್ಲಿ ಒಬ್ಬರು ಸಿಕ್ಕೇ ಸಿಗುತ್ತಾರೆ, ಅವರು ಎಲ್ಲರಿಗೂ ಹೇಳುತ್ತಾರೆ. ಬ್ಯಾಂಕಿಗೆ ಮೊದಲ ಸಂಜೆಯ ಚಿಂತೆಯೇ ಇಲ್ಲ. ಅದು ದಿನಕ್ಕೆ ಲಕ್ಷಾಂತರ ಆಟ ಆಡುತ್ತದೆ.

ಸುಳಿವು ಇದೆಯೇ?

ಮಕ್ಕಳೊಂದಿಗೆ ಆಡುವ ಇನ್ನೊಂದು ‘ಜಾಸ್ತಿ-ಕಮ್ಮಿ’ ಆಟ ಇದೆ. ಒಬ್ಬರು 1ರಿಂದ 100ರೊಳಗೆ ಒಂದು ಸಂಖ್ಯೆ ಮನಸ್ಸಿನಲ್ಲಿ ಇಟ್ಟುಕೊಳ್ಳುತ್ತಾರೆ. ಇನ್ನೊಬ್ಬರು ಊಹಿಸಿದಾಗ ‘ಜಾಸ್ತಿ ಆಯ್ತು’, ‘ಕಮ್ಮಿ ಆಯ್ತು’ ಎನ್ನುತ್ತಾರೆ. ಅಲ್ಲಿ ಕೌಶಲ ಇದೆ. 50 ಕೇಳಿ, ಆಮೇಲೆ 25 ಅಥವಾ 75, ಹೀಗೆ ಅರ್ಧ ಅರ್ಧ ಮಾಡುತ್ತಾ ಹೋದರೆ ಯಾವ ಸಂಖ್ಯೆಯನ್ನಾದರೂ ಏಳು ಊಹೆಯೊಳಗೆ ಹಿಡಿಯಬಹುದು. ಎರಡನ್ನು ಏಳು ಸಲ ಗುಣಿಸಿದರೆ 128, ಅದು ನೂರಕ್ಕಿಂತ ಜಾಸ್ತಿ. ಕಾರಣ ಅಷ್ಟೇ.

ಈ ಅಭ್ಯಾಸ ಮನಸ್ಸಿನಲ್ಲಿ ಕೂತವರಿಗೆ ಕ್ಯಾಸಿನೊದ ಹೈ-ಲೋ ನೋಡಿದಾಗಲೂ ‘ನೋಡ್ತಾ ನೋಡ್ತಾ ಹಿಡೀಬಹುದು’ ಅನಿಸುತ್ತದೆ. ಎರಡೂ ಒಂದೇ ಅಲ್ಲ. ಮನೆಯ ಆಟದಲ್ಲಿ ಅಡಗಿರುವ ಸಂಖ್ಯೆ ಬದಲಾಗುವುದಿಲ್ಲ, ಪ್ರತಿ ಉತ್ತರವೂ ಅದರ ಹತ್ತಿರ ಕರೆದೊಯ್ಯುತ್ತದೆ. ಕ್ಯಾಸಿನೊದಲ್ಲಿ ಪ್ರತಿ ಎಲೆಯೂ ಹೊಸದು. ಸಾಲಾಗಿ ಐದು ಚಿಕ್ಕ ಎಲೆ ಬಂದಿರಲಿ, ಆರನೆಯದಕ್ಕೆ ಅದರ ನೆನಪಿಲ್ಲ. ಪರದೆಯ ಪಕ್ಕದಲ್ಲಿ ಹಿಂದಿನ ಎಲೆಗಳ ಪಟ್ಟಿ ತೋರಿಸುತ್ತಾರಲ್ಲ, ಅದರಿಂದ ಊಹೆಗೆ ಒಂದು ಕಾಸಿನ ಉಪಯೋಗವೂ ಇಲ್ಲ. ಟೆಲಿಗ್ರಾಂ ಗುಂಪುಗಳಲ್ಲಿ ‘ಮುಂದಿನ ಎಲೆ ಹೇಳ್ತೀವಿ’ ಎಂದು ದುಡ್ಡು ಕೇಳುವವರು ಮಾರುವುದು ಬರೀ ಸುಳ್ಳನ್ನು.

ಸೋತಾಗ ದುಪ್ಪಟ್ಟು ಕಟ್ಟುವ ಉಪಾಯ

ಇದು ಬಹಳ ಹಳೆಯದು, ಈಗಲೂ ಎಲ್ಲಕ್ಕಿಂತ ಹೆಚ್ಚು ಮನೆ ಹಾಳು ಮಾಡುವ ಉಪಾಯವೂ ಇದೇ. ಸೋತರೆ ಮುಂದಿನ ಸಲ ಎರಡರಷ್ಟು ಕಟ್ಟು, ಎಂದಾದರೂ ಗೆಲ್ಲಲೇಬೇಕು, ಗೆದ್ದಾಗ ಎಲ್ಲ ವಾಪಸ್. ಕೇಳಲು ಸರಿ ಎನಿಸುತ್ತದೆ. 7ರ ಮೇಲೆ, 1.84 ದರದಲ್ಲಿ ಹಾಕಿ ನೋಡೋಣ.

100 ಕಟ್ಟಿ ಸೋತಿರಿ. 200 ಕಟ್ಟಿ ಗೆದ್ದರೆ 368 ಬರುತ್ತದೆ, ಹಾಕಿದ್ದು 300, ಲಾಭ 68. ಎರಡು ಸಲ ಸೋತು ಮೂರನೆಯದಕ್ಕೆ 400 ಕಟ್ಟಿ ಗೆದ್ದರೆ 736, ಹಾಕಿದ್ದು 700, ಲಾಭ 36. ಮೂರು ಸಲ ಸೋತು 800 ಕಟ್ಟಿ ಗೆದ್ದರೆ 1,472. ಹಾಕಿದ್ದು 1,500. ಗೆದ್ದರೂ 28 ರೂಪಾಯಿ ನಷ್ಟ! 1.84 ದರ ಇರುವ ಕಡೆ ದುಪ್ಪಟ್ಟು ಕಟ್ಟುವ ಉಪಾಯ ನಾಲ್ಕನೇ ಹೆಜ್ಜೆಗೇ ಕುಸಿಯುತ್ತದೆ. ಎರಡು ಪಟ್ಟು ಇರುವ ಕಡೆಯೂ ಏಳು ಸಲ ಸಾಲಾಗಿ ಸೋತರೆ 12,700 ಹೋಗಿರುತ್ತದೆ, ಎಂಟನೆಯದಕ್ಕೆ 12,800 ಬೇಕು, ಅದೂ ನೂರು ರೂಪಾಯಿ ಲಾಭಕ್ಕೆ. ಅಷ್ಟರಲ್ಲಿ ಕೈ ಖಾಲಿಯಾಗಿರುತ್ತದೆ, ಇಲ್ಲವೇ ಸೈಟ್ ಇಟ್ಟ ಗರಿಷ್ಠ ಮಿತಿ ಅಡ್ಡ ಬರುತ್ತದೆ.

ದಾಳದ ಅಣ್ಣ-ತಮ್ಮಂದಿರು

ಇದೇ ಜಾತಿಯ ಇನ್ನೊಂದು ಆಟ ‘ಸೆವೆನ್ ಅಪ್ ಸೆವೆನ್ ಡೌನ್’. ಜಾತ್ರೆಗಳಲ್ಲಿ ಚೌಕ ಬರೆದ ಹಾಳೆ ಹಾಸಿ ಆಡಿಸುತ್ತಿದ್ದದ್ದು ಈಗ ಆ್ಯಪ್‌ಗಳಲ್ಲೂ ಬಂದಿದೆ. ಎರಡು ದಾಳ. ಮೊತ್ತ 7ಕ್ಕಿಂತ ಕಮ್ಮಿ, ಜಾಸ್ತಿ, ಅಥವಾ ಸರಿಯಾಗಿ 7. ಎರಡು ದಾಳ ಬೀಳುವ ಬಗೆ 36. ಕಮ್ಮಿಗೆ 15, ಜಾಸ್ತಿಗೆ 15, ಏಳಕ್ಕೆ 6. ಜಾಸ್ತಿ-ಕಮ್ಮಿಗೆ ಒಂದಕ್ಕೆ ಎರಡು ಕೊಡುತ್ತಾರೆ ಅಂದರೆ ಆ ಆರು ಬಗೆಯೂ ಆಡಿಸುವವನ ಪಾಲು. ನೂರಕ್ಕೆ 16.7 ಕಡಿತ! ಎಲೆಯ ಹೈ-ಲೋಗೆ ಹೋಲಿಸಿದರೆ ಹದಿನಾರು ಪಟ್ಟಿಗೂ ಹೆಚ್ಚು. ನೋಡಲು ಎರಡೂ ಒಂದೇ ಥರ ಇರುತ್ತವೆ, ಅದಕ್ಕೇ ಹೊಸ ಆಟ ಕಂಡಾಗಲೆಲ್ಲ ‘ಎಷ್ಟು ಬಗೆ, ನನಗೆ ಎಷ್ಟು, ದರ ಎಷ್ಟು’ ಎಂಬ ಮೂರು ಪ್ರಶ್ನೆ ಕೇಳಿಕೊಂಡು ಗುಣಿಸಬೇಕು. ಸಾಧ್ಯತೆಯನ್ನು ದರದಿಂದ ಗುಣಿಸಿದಾಗ ಒಂದಕ್ಕಿಂತ ಎಷ್ಟು ಕಮ್ಮಿ ಬರುತ್ತದೋ ಅಷ್ಟು ಕಡಿತ.

‘ಪ್ರೂವಬ್ಲಿ ಫೇರ್’ ಎಂದರೆ ಏನು

ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣದಲ್ಲಿ ಆಡಿಸುವ ಕ್ರಿಪ್ಟೊ ಕ್ಯಾಸಿನೊಗಳು ‘ನ್ಯಾಯವಾಗಿದೆ ಎಂದು ಸಾಬೀತು ಮಾಡಬಹುದು’ ಎಂಬ ಅರ್ಥದ ಈ ಮಾತನ್ನು ದೊಡ್ಡದಾಗಿ ಬರೆದುಕೊಳ್ಳುತ್ತವೆ. ಅದರ ಕೆಲಸ ಹೀಗೆ. ಸೈಟ್ ಒಂದು ಗುಪ್ತ ಅಕ್ಷರಮಾಲೆ ಇಟ್ಟುಕೊಂಡು, ಆಟಕ್ಕೆ ಮೊದಲೇ ಅದರ ಬೆರಳಚ್ಚಿನಂಥ ಹ್ಯಾಶ್ ಅನ್ನು ನಿಮಗೆ ತೋರಿಸುತ್ತದೆ. ನೀವು ನಿಮ್ಮದೊಂದು ಅಕ್ಷರಮಾಲೆ ಕೊಡುತ್ತೀರಿ. ಎರಡನ್ನೂ ಆಟದ ಸಂಖ್ಯೆಯನ್ನೂ ಸೇರಿಸಿ ಲೆಕ್ಕ ಹಾಕಿ ಎಲೆ ಬರುತ್ತದೆ. ಆಮೇಲೆ ಗುಪ್ತ ಮಾಲೆಯನ್ನು ಬಿಚ್ಚಿಟ್ಟಾಗ ಅದರ ಹ್ಯಾಶ್ ಮೊದಲು ತೋರಿಸಿದ್ದಕ್ಕೆ ಹೊಂದುತ್ತದೆಯೇ ಎಂದು ನೋಡಬಹುದು. ಹೊಂದಿದರೆ ನಡುವೆ ಎಲೆ ಬದಲಿಸಿಲ್ಲ ಎಂದರ್ಥ.

ಅಷ್ಟು ಮಾತ್ರ ಅದರ ಅರ್ಥ. ದರದಲ್ಲಿನ ಕಡಿತಕ್ಕೂ ಇದಕ್ಕೂ ಸಂಬಂಧವಿಲ್ಲ. ಗೆದ್ದ ಹಣ ಕೈಗೆ ಕೊಡುತ್ತಾರೆ ಎಂಬುದಕ್ಕೂ ಇದು ಗ್ಯಾರಂಟಿ ಅಲ್ಲ.

ವೇಗ, ಆಟೊಪ್ಲೇ, ಬೋನಸ್

ನೂರಕ್ಕೆ ಒಂದು ಕಡಿತ ಎಂದರೆ ಪುಟ್ಟದು ಎನಿಸುತ್ತದೆ. ಅದನ್ನು ವೇಗದಿಂದ ಗುಣಿಸಿ. ಒಂದು ಊಹೆಗೆ ಎಂಟು ಸೆಕೆಂಡ್ ಎಂದುಕೊಂಡರೆ ಗಂಟೆಗೆ 450. ಪ್ರತಿ ಸಲ 50 ರೂಪಾಯಿ ಎಂದರೆ ಗಂಟೆಯಲ್ಲಿ 22,500 ರೂಪಾಯಿ ಕಟ್ಟಿದಂತೆ. ಅದರಲ್ಲಿ ಸರಾಸರಿ 225 ಹೋಗುತ್ತದೆ. ಕಡಿತ ನೂರಕ್ಕೆ ಮೂರಾದರೆ 675. ಕೈಯಲ್ಲಿ ಎರಡು ಸಾವಿರ ಇಟ್ಟುಕೊಂಡು ಕೂತವರು ಹತ್ತು ಪಟ್ಟಿಗೂ ಜಾಸ್ತಿ ಹಣವನ್ನು ಒಂದು ಗಂಟೆಯಲ್ಲಿ ತಿರುಗಿಸಿರುತ್ತಾರೆ, ಗೊತ್ತೇ ಆಗಿರುವುದಿಲ್ಲ. ಆಟ ತಾನಾಗಿಯೇ ನಡೆಯುವ ಆಟೊಪ್ಲೇ ಒತ್ತಿದರೆ ಇದು ಇನ್ನೂ ಬೇಗ.

ಬೋನಸ್‌ನ ಕಥೆಯೂ ಇದೇ. ಸಾವಿರ ರೂಪಾಯಿ ಬೋನಸ್, 40 ಪಟ್ಟು ಆಡಿದ ಮೇಲೆ ತೆಗೆಯಬಹುದು ಅಂದರೆ 40,000 ರೂಪಾಯಿ ಕಟ್ಟಬೇಕು. ಹೈ-ಲೋಗೆ ಹತ್ತನೇ ಒಂದು ಭಾಗ ಮಾತ್ರ ಲೆಕ್ಕ ಎಂದು ಸಣ್ಣ ಅಕ್ಷರದಲ್ಲಿ ಬರೆದಿದ್ದರೆ ಅದು ನಾಲ್ಕು ಲಕ್ಷ. ನೂರಕ್ಕೆ ಒಂದು ಕಡಿತದಲ್ಲೂ ನಾಲ್ಕು ಸಾವಿರ ಕಳೆದುಕೊಂಡು ಸಾವಿರ ಪಡೆಯುವ ವ್ಯವಹಾರ.

ಹೊರದೇಶದಲ್ಲಿರುವ ಕನ್ನಡಿಗರಿಗೆ

ಬ್ರಿಟನ್‌ನಲ್ಲಿ 18 ತುಂಬಿದವರು ಪರವಾನಗಿ ಇರುವ ಸೈಟ್‌ಗಳಲ್ಲಿ ಆಡಬಹುದು. ಸೈಟಿನ ಕೆಳಗಿರುವ ಲೈಸೆನ್ಸ್ ಸಂಖ್ಯೆಯನ್ನು ಅಲ್ಲಿನ ಜೂಜು ನಿಯಂತ್ರಣ ಸಂಸ್ಥೆಯಾದ ಗ್ಯಾಂಬ್ಲಿಂಗ್ ಕಮಿಷನ್‌ನ ನೋಂದಣಿ ಪಟ್ಟಿಯಲ್ಲಿ ಹುಡುಕಿ ತಾಳೆ ನೋಡಿ. 2020ರ ಏಪ್ರಿಲ್ 14ರಿಂದ ಅಲ್ಲಿ ಕ್ರೆಡಿಟ್ ಕಾರ್ಡ್‌ನಿಂದ ಜೂಜಾಡುವಂತಿಲ್ಲ. ಕ್ರೆಡಿಟ್ ಕಾರ್ಡ್ ತೆಗೆದುಕೊಳ್ಳುವ ಸೈಟ್ ಕಂಡರೆ ಅದು ನಿಯಮ ಮೀರಿದ್ದು ಎಂದೇ ಅರ್ಥ. ಜೂಜಿನಿಂದ ದೂರ ಇರಬೇಕೆನ್ನುವವರಿಗಾಗಿ ಇರುವ ಗ್ಯಾಮ್‌ಸ್ಟಾಪ್‌ನಲ್ಲಿ ಒಂದು ಸಲ ಹೆಸರು ಬರೆಸಿದರೆ ಪರವಾನಗಿ ಇರುವ ಎಲ್ಲ ಸೈಟ್‌ಗಳೂ ನಿಮ್ಮನ್ನು ಹೊರಗಿಡುತ್ತವೆ. ಇದು ಉಚಿತ.

ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ, ಮಿಷಿಗನ್‌ನಂಥ ಕೆಲವೇ ರಾಜ್ಯಗಳಲ್ಲಿ ಆನ್‌ಲೈನ್ ಕ್ಯಾಸಿನೊಗೆ ಒಪ್ಪಿಗೆ ಇದೆ, ವಯಸ್ಸು 21 ತುಂಬಿರಬೇಕು. ಸಿಂಗಾಪುರದಲ್ಲಿ ಪರವಾನಗಿ ಇಲ್ಲದ ಸೈಟಿನಲ್ಲಿ ಆಡಿದವರೂ ಅಪರಾಧಿಗಳೇ. ಸೌದಿ, ಕುವೈತ್‌ನಲ್ಲಿ ಜೂಜು ಪೂರ್ತಿ ನಿಷಿದ್ಧ. ವೀಸಾ ಮೇಲಿರುವವರು ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಆಡಲು ಅವಕಾಶ ಇರುವ ಕಡೆ ಇದ್ದರೆ, ಸಿನಿಮಾ ಟಿಕೆಟ್‌ಗೆ ಕೊಟ್ಟಂತೆ ಹೋದರೂ ಬೇಸರವಾಗದ ಮೊತ್ತವನ್ನು ಖಾತೆಯ ಡೆಪಾಸಿಟ್ ಮಿತಿಯಲ್ಲೇ ಹಾಕಿಡಿ. ಆಟ ಶುರುವಾದ ಮೇಲಲ್ಲ, ಮೊದಲೇ. ಸಮಯದ ಮಿತಿಯನ್ನೂ ಹಾಕಿ. ಹೋದ ಹಣ ವಾಪಸ್ ತರಲು ಆಡಬೇಡಿ.

ಹಣ ಸಿಕ್ಕಿಹಾಕಿಕೊಂಡರೆ

ಭಾರತದಲ್ಲಿ ವಾಟ್ಸ್‌ಆ್ಯಪ್, ಟೆಲಿಗ್ರಾಂ ಮೂಲಕ ಬರುವ ಹೈ-ಲೋ, ಕಲರ್ ಪ್ರಿಡಿಕ್ಷನ್ (ಬರುವ ಬಣ್ಣ ಊಹಿಸುವ) ಆ್ಯಪ್‌ಗಳ ನಡೆ ಒಂದೇ ಥರ. ಮೊದಲು ಇನ್ನೂರು ಮುನ್ನೂರು ಗೆಲ್ಲಿಸಿ ಖಾತೆಗೂ ಹಾಕುತ್ತಾರೆ. ನಂಬಿಕೆ ಬಂದು ದೊಡ್ಡ ಮೊತ್ತ ಹಾಕಿದ ಮೇಲೆ ವಿತ್‌ಡ್ರಾ ಆಗುವುದಿಲ್ಲ. ‘ಮೊದಲು ತೆರಿಗೆ ಕಟ್ಟಿ, ಆಮೇಲೆ ಬಿಡುತ್ತೇವೆ’ ಎನ್ನುತ್ತಾರೆ. ಗೆದ್ದ ಹಣ ಕೊಡಲು ಮೊದಲು ನಿಮ್ಮಿಂದಲೇ ತೆರಿಗೆ ಕಟ್ಟಿಸಿಕೊಳ್ಳುವ ಪದ್ಧತಿ ಎಲ್ಲೂ ಇಲ್ಲ. ತೆರಿಗೆಯನ್ನು ಕೊಡುವ ಹಣದಲ್ಲೇ ಹಿಡಿಯುವುದು ಕ್ರಮ. ಆ ಮಾತು ಬಂದ ಕ್ಷಣವೇ ಇನ್ನೊಂದು ಪೈಸೆಯನ್ನೂ ಹಾಕಬೇಡಿ.

ಕೂಡಲೇ 1930ಕ್ಕೆ ಕರೆ ಮಾಡಿ. ಇದು ರಾಷ್ಟ್ರೀಯ ಸೈಬರ್ ವಂಚನೆ ಸಹಾಯವಾಣಿ. ಹಣ ಇನ್ನೂ ಖಾತೆಯಿಂದ ಖಾತೆಗೆ ಓಡುತ್ತಿರುವಾಗಲೇ ತಡೆಹಿಡಿಯಲು ಸಾಧ್ಯ, ತಡವಾದಷ್ಟೂ ಸಿಗುವುದು ಕಷ್ಟ. ಕರೆ ಮಾಡುವ ಮೊದಲು ಯುಪಿಐ ವ್ಯವಹಾರದ ಸಂಖ್ಯೆ, ದಿನ, ಸಮಯ, ಹಣ ಹೋದ ಐಡಿ ಬರೆದಿಟ್ಟುಕೊಳ್ಳಿ. ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆಯಿರಿ. ‘ನಾನೇ ಜೂಜಾಡಿದೆ, ಹೇಗೆ ದೂರು ಕೊಡಲಿ’ ಎಂದು ಹಿಂಜರಿಯುವವರು ಬಹಳ. ಹಿಂಜರಿಯಬೇಡಿ. ನಿಮ್ಮ ಬ್ಯಾಂಕ್ ಖಾತೆಯನ್ನು ಬಾಡಿಗೆಗೆ ಕೇಳಿದರೆ ಮಾತ್ರ ಯಾವ ಕಾರಣಕ್ಕೂ ಕೊಡಬೇಡಿ. ಇಂಥ ಆ್ಯಪ್‌ಗಳ ಹಣ ಓಡಾಡುವುದು ಹಾಗೆ ಕೊಟ್ಟ ಖಾತೆಗಳಲ್ಲೇ, ಆಗ ಪೊಲೀಸರು ಬರುವುದು ಖಾತೆ ಯಾರ ಹೆಸರಲ್ಲಿದೆಯೋ ಅವರ ಮನೆಗೆ.

ಮನೆಯಲ್ಲಿ ಯಾರಾದರೂ ರಾತ್ರಿಯೆಲ್ಲ ಫೋನ್ ಹಿಡಿದು ಕೂರುತ್ತಿದ್ದರೆ, ಸಣ್ಣ ಸಣ್ಣ ಸಾಲ ಕೇಳುತ್ತಿದ್ದರೆ, ಲೋನ್ ಆ್ಯಪ್‌ಗಳ ಕರೆ ಬರುತ್ತಿದ್ದರೆ ಬೈದು ಪ್ರಯೋಜನವಿಲ್ಲ. ಫೋನ್ ಕಿತ್ತುಕೊಂಡರೂ ಇನ್ನೊಂದು ಸಿಗುತ್ತದೆ. ಮೊದಲು ಸಾಲದ ಪೂರ್ತಿ ಪಟ್ಟಿ ಹಾಕಿಸಿ, ಯುಪಿಐನ ದಿನದ ಮಿತಿ ಇಳಿಸಿ, ಆಮೇಲೆ ಜೊತೆಗೆ ಕೂತು ಮಾತಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನ್, ಇಂಟರ್‌ನೆಟ್ ಗೀಳಿಗೆಂದೇ 2014ರಿಂದ ‘ಶಟ್’ ಕ್ಲಿನಿಕ್ ನಡೆಯುತ್ತಿದೆ. ಆಡುವವರು ಬರಲು ಒಪ್ಪದಿದ್ದರೆ ಮನೆಯವರೇ ಮೊದಲು 14416ಕ್ಕೆ ಕರೆ ಮಾಡಿ, ಮುಂದೇನು ಮಾಡಬೇಕು ಎಂದು ಕೇಳಬಹುದು.